ನೀರು ತಾಗಿದ ಮೇಲೆ ಮಿಸ್ಸಿಂಗ್ ಹೊಡೆಯುವ ಹಳೆಯ ಕಾರು: ಎಲ್ಲಿಂದ ಹುಡುಕಬೇಕು, ಹೇಗೆ ಹುಡುಕಬೇಕು

ನನ್ನ ಹಳೆಯ ಕಾರಿನ ಎಂಜಿನ್‌ಗೆ ವರ್ಷಗಳ ಜಿಡ್ಡು ಮೆತ್ತಿಕೊಂಡಿತ್ತು. ಒಂದು ಭಾನುವಾರ ಬಾನೆಟ್ ಎತ್ತಿ, ಸೋಪಿನ ನೀರು ಹಾಕಿ ಉಜ್ಜಿ, ಪೈಪಿನಿಂದ ಜೋರಾಗಿ ನೀರು ಬಿಟ್ಟು ತೊಳೆದೆ. ಎಂಜಿನ್ ಫಳಫಳ ಹೊಳೆಯಿತು. ಸ್ಟಾರ್ಟ್ ಮಾಡಿದರೆ ಚಳಿಜ್ವರ ಬಂದವರ ಹಾಗೆ ಇಡೀ ಗಾಡಿ ನಡುಗತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಎಳೆತವಿಲ್ಲ, ಸೈಲೆನ್ಸರಿನಿಂದ ಪಟ್ ಪಟ್ ಸದ್ದು. ಸ್ಪಾರ್ಕ್ ಪ್ಲಗ್ ಬದಲಿಸಿದೆ, ಮರುದಿನ ಸರಿಹೋಯಿತು. ಗೆದ್ದೆ ಎಂದುಕೊಂಡೆ. ಮುಂದಿನ ಮಳೆಗೆ ಮತ್ತೆ ಅದೇ ನಡುಕ. ಪ್ಲಗ್ ವಯರ್‌ಗಳನ್ನು ಬದಲಿಸಿದೆ, ಮರುದಿನ ಸರಿಹೋಯಿತು. ಮೂರನೆಯ ಸಲ, ಕಿಡಿಗೆ ಬೇಕಾದ ದೊಡ್ಡ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಬದಲಿಸಿದೆ, ಅದೇ ಕಥೆ. ಮೂರೂ ಸಲ ಗಾಡಿ ಸರಿಹೋದದ್ದು ರಾತ್ರಿಯೆಲ್ಲ ನಿಂತು ನೀರು ಆರಿದ್ದರಿಂದ, ನಾನು ಹಾಕಿದ ಹೊಸ ಸಾಮಾನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ ಎಂಬುದು ನನಗೆ ಹೊಳೆಯಲು ಅಷ್ಟು ದಿನ ಬೇಕಾಯಿತು. ನಿಜವಾದ ಕಳ್ಳ, ಆ ವೋಲ್ಟೇಜನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗೆ ಪೆನ್ಸಿಲಿನಿಂದ ಎಳೆದಂತಿದ್ದ ಒಂದು ಸಣ್ಣ ಕಪ್ಪು ಗೀರು.

ಆ ಅನುಭವದಿಂದ ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಮಳೆಯಲ್ಲಿ ಓಡಲೆಂದೇ ತಯಾರಾದದ್ದು. ಸಾಧಾರಣ ಒದ್ದೆಗೆ ಅದು ಮಿಸ್ಸಿಂಗ್ ಹೊಡೆಯಬಾರದು, ಅಂದರೆ ಯಾವ ಸಿಲಿಂಡರಿನಲ್ಲೂ ಇಂಧನ ಉರಿಯುವುದು ತಪ್ಪಬಾರದು. ಹೊಡೆಯಿತು ಎಂದರೆ ಒಂದು ಬಿರುಕೋ, ಸಡಿಲವಾದ ರಬ್ಬರೋ, ಸವೆದ ಹೊದಿಕೆಯೋ ಮೊದಲಿನಿಂದಲೂ ಅಲ್ಲಿತ್ತು, ನೀರು ಅದನ್ನು ತೋರಿಸಿಕೊಟ್ಟಿತು. ಆದ್ದರಿಂದ ಹೇರ್ ಡ್ರೈಯರ್ ಹಿಡಿದುಕೊಂಡು ಓಡುವ ಮೊದಲು ನೀರು ಎಲ್ಲಿ ಹೊಕ್ಕಿದೆ ಎಂದು ಹಿಡಿಯಬೇಕು. ಒಣಗಿದ ಮೇಲೆ ಸಾಕ್ಷಿಯೂ ಆರಿಹೋಗುತ್ತದೆ.

ಇಲ್ಲಿ ಹೇಳುವುದು ಹೆಚ್ಚಾಗಿ ಪೆಟ್ರೋಲ್ ಎಂಜಿನ್‌ಗಳ ಬಗ್ಗೆ. ಡೀಸೆಲ್‌ಗೆ ಸ್ಪಾರ್ಕ್ ಇಲ್ಲದ್ದರಿಂದ ಅರ್ಧ ತಲೆನೋವು ಅದಕ್ಕಿಲ್ಲ. ಅದರ ಮಾತು ಇಂಧನದ ಭಾಗದಲ್ಲಿ ಬರುತ್ತದೆ.

ಮೊದಲ ಹೆಜ್ಜೆ: ಸೆಲ್ಫ್ ಹೊಡೆಯುವ ಮೊದಲು ಏರ್ ಫಿಲ್ಟರ್ ನೋಡಿ

ಗಾಡಿ ಮಳೆಯಲ್ಲಿ ನಿಂತಿತ್ತು, ಅಥವಾ ನೀವೇ ತೊಳೆದಿರಿ ಎಂದಾದರೆ ಈ ಹೆಜ್ಜೆ ಐದು ನಿಮಿಷದ ಕೆಲಸ. ಆಳದ ನೀರಿಗೆ ಇಳಿದು ಎಂಜಿನ್ ತಾನಾಗಿ ನಿಂತುಬಿಟ್ಟಿದ್ದರೆ ಮಾತ್ರ ಇದನ್ನು ದಾಟಿ ಮುಂದೆ ಹೋಗಲೇಬೇಡಿ.

ಲೆಕ್ಕ ಸರಳ. 1600 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರಿನ ಪಾಲು 400 ಸಿಸಿ. ಕಂಪ್ರೆಷನ್ ಅನುಪಾತ (ಪಿಸ್ಟನ್ ಕೆಳಗಿದ್ದಾಗ ಮತ್ತು ಮೇಲಿದ್ದಾಗ ಅದರ ಮೇಲಿರುವ ಜಾಗಗಳ ಹೋಲಿಕೆ) 9ಕ್ಕೆ 1 ಎಂದಿಟ್ಟುಕೊಂಡರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಕೇವಲ 50 ಸಿಸಿ. ಗಾಳಿಯಾದರೆ ಅಷ್ಟರಲ್ಲಿ ಅದುಮಿಕೊಂಡು ಕೂರುತ್ತದೆ, ನೀರು ಕೂರುವುದಿಲ್ಲ. ಸಣ್ಣ ಕಾಫಿ ಲೋಟದ ಅರ್ಧದಷ್ಟು ನೀರು ಒಳಗೆ ಹೋದರೂ ಪಿಸ್ಟನ್‌ಗೆ ಮೇಲೆ ಬರಲು ದಾರಿಯಿಲ್ಲ. ಆಗ ಬಾಗುವುದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್.

ಏರ್ ಫಿಲ್ಟರ್ ಡಬ್ಬಿ ಬಿಚ್ಚಿ. ಫಿಲ್ಟರ್ ಒಣಗಿದ್ದು ಡಬ್ಬಿಯ ತಳದಲ್ಲಿ ನೀರಿಲ್ಲದಿದ್ದರೆ ನಿಶ್ಚಿಂತೆ. ಕಾಗದ ಒದ್ದೆಯಾಗಿ ಮೆತ್ತಗಾಗಿದ್ದರೆ, ಡಬ್ಬಿಯಿಂದ ಎಂಜಿನ್‌ಗೆ ಹೋಗುವ ಪೈಪಿನ ಒಳಗೆ ಕೈಯಾಡಿಸಿ ನೋಡಿ. ಅಲ್ಲಿಯೂ ನೀರು ಸಿಕ್ಕಿದರೆ ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ನೀರಿದ್ದರೆ ಪ್ಲಗ್ ತೂತಿನಿಂದ ಹೊರಬರುತ್ತದೆ. ಆಮೇಲಷ್ಟೇ, ಪ್ಲಗ್ ಇಲ್ಲದೆಯೇ, ಇಗ್ನಿಷನ್ ಮತ್ತು ಪೆಟ್ರೋಲ್ ಪಂಪಿನ ಕರೆಂಟ್ ತೆಗೆದು, ಕೆಲವು ಸೆಕೆಂಡು ಸೆಲ್ಫ್ ಹೊಡೆಯಿರಿ. ತೂತುಗಳ ಎದುರು ಮುಖ ಇಡಬೇಡಿ.

ಡಿಪ್‌ಸ್ಟಿಕ್ ಎಳೆದು ನೋಡುವುದನ್ನೂ ಇಲ್ಲೇ ಮುಗಿಸಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅಥವಾ ಮಟ್ಟ ಏಕಾಏಕಿ ಏರಿದ್ದರೆ ಅದರಲ್ಲಿ ನೀರು ಬೆರೆತಿದೆ. ಅಂಥ ಆಯಿಲ್ ಬೇರಿಂಗ್‌ಗಳನ್ನು ಕಾಯುವುದಿಲ್ಲ. ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ, ಸ್ವಲ್ಪ ಹೊತ್ತು ಓಡಿಸಿ, ಮತ್ತೊಮ್ಮೆ ಬದಲಿಸಬೇಕು. ಆಯಿಲ್ ತುಂಬುವ ಮುಚ್ಚಳದ ಒಳಗೆ ಮಾತ್ರ ತೆಳುವಾದ ಬಿಳಿ ಕೆನೆ ಇದ್ದರೆ ಗಾಬರಿ ಬೇಡ. ಸಣ್ಣ ಸಣ್ಣ ದೂರ ಓಡುವ ಗಾಡಿಗಳಲ್ಲಿ ಅದು ಸಾಮಾನ್ಯ.

ಎರಡನೆಯ ಹೆಜ್ಜೆ: ಯಾವಾಗ ನಡುಗುತ್ತದೆ?

ಎಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಸರಿಯಾಗಿ ಓಡುವುದಿಲ್ಲ ಎಂದಿಟ್ಟುಕೊಳ್ಳೋಣ. ಸ್ಪ್ಯಾನರ್ ಕೆಳಗಿಟ್ಟು ಹತ್ತು ನಿಮಿಷ ಸುಮ್ಮನೆ ಗಮನಿಸಿ. ಮೆಕ್ಯಾನಿಕ್‌ಗಳಲ್ಲಿ ನಾನು ಮೆಚ್ಚುವುದು ಗಾಡಿಯನ್ನು ಮುಟ್ಟುವ ಮೊದಲು ಪ್ರಶ್ನೆ ಕೇಳುವವರನ್ನು.

ನಿಂತಲ್ಲಿ ಹೆಚ್ಚುಕಡಿಮೆ ಸರಿ ಇದ್ದು, ಏರು ಹತ್ತುವಾಗ ಅಥವಾ ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಜರ್ಕ್ ಹೊಡೆದರೆ ಅನುಮಾನ ಹೋಗಬೇಕಾದದ್ದು ಸ್ಪಾರ್ಕಿನ ಕಡೆಗೆ. ಭಾರ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ; ಒತ್ತಡ ಏರಿದಷ್ಟೂ ಪ್ಲಗ್ಗಿನ ಸಂದಿ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಆ ವೋಲ್ಟೇಜಿಗೆ ಹೊರಗಿನ ಒದ್ದೆ ದಾರಿಯೇ ಸುಲಭ ಎನ್ನಿಸಿದರೆ ಕಿಡಿ ಅಲ್ಲಿಗೇ ಹಾರುತ್ತದೆ, ಪ್ಲಗ್ಗಿಗೆ ಏನೂ ಸಿಗುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಐಡ್ಲಿಂಗ್‌ನಲ್ಲಿ ನಡುಗಿ, ವೇಗ ಹಿಡಿದ ಮೇಲೆ ನುಣುಪಾಗಿ ಓಡಿದರೆ ಬೇಡದ ಗಾಳಿ ಎಲ್ಲಿಂದಲೋ ಒಳಬರುತ್ತಿದೆ ಎಂದು ಸಂಶಯಪಡಿ. ಎಲ್ಲ ವೇಗದಲ್ಲೂ ಒಂದೇ ತಾಳದಲ್ಲಿ ಬಡಿದುಕೊಂಡರೆ ಒಂದು ಸಿಲಿಂಡರ್ ಪೂರ್ತಿ ಸತ್ತಿದೆ. ತಾಳವೇ ಇಲ್ಲದೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ತಪ್ಪಿದರೆ ಎಲ್ಲ ಸಿಲಿಂಡರ್‌ಗಳಿಗೂ ಸೇರಿದ ಯಾವುದೋ ಒಂದು ಕೆಟ್ಟಿದೆ: ಕಾಯಿಲ್, ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್, ಇಂಧನ, ಸೆನ್ಸರ್.

ಇನ್ನೊಂದು ಪ್ರಶ್ನೆ ಇವೆಲ್ಲಕ್ಕಿಂತ ಮುಖ್ಯ. ಎಂಜಿನ್ ಬಿಸಿಯಾದಂತೆ ತೊಂದರೆ ಕಡಿಮೆಯಾಗುತ್ತದೆಯೇ? ಹೌದು ಎಂದಾದರೆ ನೀರು ಹೊರಮೈಯಲ್ಲಿ, ಬಿಸಿಗೆ ಆರುವ ಜಾಗದಲ್ಲಿದೆ. ಎರಡು ಮೂರು ಬಿಸಿಲಿನ ದಿನ ಕಳೆದರೂ ಒಂದಿಷ್ಟೂ ಬದಲಾಗದಿದ್ದರೆ ನೀರು ಪೆಟ್ರೋಲ್ ಟ್ಯಾಂಕಿನಲ್ಲಿದೆ, ಅಥವಾ ಯಾವುದಾದರೂ ಕನೆಕ್ಟರ್ ತುಕ್ಕು ಹಿಡಿದಿದೆ, ಅಥವಾ ಎಂಜಿನ್‌ನ ಒಳಭಾಗಕ್ಕೆ ಏಟು ಬಿದ್ದಿದೆ. ಈ ಒಂದು ಉತ್ತರದಿಂದಲೇ ಹುಡುಕಾಟದ ಅರ್ಧ ದಾರಿ ಸವೆಯುತ್ತದೆ.

ಮೂರನೆಯ ಹೆಜ್ಜೆ: ಕತ್ತಲಲ್ಲಿ ಬಾನೆಟ್ ಎತ್ತಿ

ಎಲ್ಲ ಪರೀಕ್ಷೆಗಳಲ್ಲಿ ಇದು ನನಗೆ ಅಚ್ಚುಮೆಚ್ಚು, ಉಪಕರಣವೂ ಬೇಕಿಲ್ಲ. ರಾತ್ರಿ, ಗಾಳಿಯಾಡುವ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ದೀಪಗಳನ್ನೆಲ್ಲ ಆರಿಸಿ ಎಂಜಿನ್ ಚಾಲೂ ಮಾಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ವೋಲ್ಟೇಜ್ ಸೋರುತ್ತಿದ್ದರೆ ಪ್ಲಗ್ ವಯರ್‌ಗಳ ಸುತ್ತ, ಡಿಸ್ಟ್ರಿಬ್ಯೂಟರ್ ಮುಚ್ಚಳದ ಮೇಲೆ, ಕಾಯಿಲ್ಲಿನ ಕೊರಳಿನಲ್ಲಿ ನೀಲಿ ಕಿಡಿಗಳು ಹರಿದಾಡುವುದು ಕಾಣುತ್ತದೆ. ಜೊತೆಗೆ ಟಿಕ್ ಟಿಕ್ ಎಂಬ ಸಣ್ಣ ಸದ್ದು.

ಏನೂ ಕಾಣದಿದ್ದರೆ, ಅಥವಾ ಅಷ್ಟರಲ್ಲಿ ಎಲ್ಲ ಒಣಗಿಹೋಗಿದ್ದರೆ, ಗಿಡಗಳಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ಮಂಜಿನಷ್ಟು ತೆಳುವಾಗಿ, ಒಂದು ಸಲಕ್ಕೆ ಒಂದೇ ಜಾಗಕ್ಕೆ ಸಿಂಪಡಿಸಿ. ಮೊದಲು ಕಾಯಿಲ್ ಬಳಿ, ಆಮೇಲೆ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ವಯರ್, ಆಮೇಲೆ ಮುಚ್ಚಳ, ಕೊನೆಗೆ ಒಂದೊಂದಾಗಿ ಪ್ಲಗ್ ವಯರ್‌ಗಳು. ಯಾವ ಜಾಗಕ್ಕೆ ಸಿಂಪಡಿಸಿದಾಗ ಎಂಜಿನ್ ಎಡವಿತೋ ಅಲ್ಲಿ ನಿಲ್ಲಿ. ಎಲ್ಲ ಕಡೆ ಒಟ್ಟಿಗೆ ಸಿಂಪಡಿಸಿದರೆ ಪರೀಕ್ಷೆಗೆ ಅರ್ಥವಿಲ್ಲ, ಮತ್ತೆ ಭಾನುವಾರದ ಸ್ನಾನವೇ ಆಗುತ್ತದೆ.

ಎಚ್ಚರಿಕೆ: ಇದು 10,000ದಿಂದ 30,000 ವೋಲ್ಟ್‌ನ ವ್ಯವಹಾರ. ಕೈಯನ್ನು ದೂರವೇ ಇಟ್ಟುಕೊಳ್ಳಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಸಡಿಲ ಬಟ್ಟೆ, ಇಳಿಬಿಟ್ಟ ಕೂದಲು ಫ್ಯಾನ್ ಮತ್ತು ಬೆಲ್ಟಿನ ಹತ್ತಿರ ಸುಳಿಯಬಾರದು. ಕತ್ತಲಲ್ಲಿ ಅವು ಕಾಣುವುದಿಲ್ಲ.

ನಾಲ್ಕನೆಯ ಹೆಜ್ಜೆ: ಡಿಸ್ಟ್ರಿಬ್ಯೂಟರ್, ವಯರ್, ಪ್ಲಗ್

ಡಿಸ್ಟ್ರಿಬ್ಯೂಟರ್ ಇರುವ ಕಾರುಗಳಲ್ಲಿ ನೀರಿನ ತೊಂದರೆ ಹೆಚ್ಚಾಗಿ ಇಲ್ಲಿಗೇ ಬಂದು ನಿಲ್ಲುತ್ತದೆ. ಎಂಜಿನ್ ಆರಿಸಿ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿಡಿ. ವಯರ್‌ಗಳನ್ನು ಬಿಚ್ಚುವ ಮೊದಲು ಒಂದೊಂದಕ್ಕೂ ಪಟ್ಟಿ ಅಂಟಿಸಿ ಸಂಖ್ಯೆ ಬರೆಯಿರಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ನಾಲ್ಕು ಸಿಲಿಂಡರ್ ಎಂಜಿನ್‌ಗಳಲ್ಲಿ ಹೆಚ್ಚಿನವು 1-3-4-2 ಎಂಬ ಕ್ರಮದಲ್ಲಿ ಉರಿಯುತ್ತವೆ. ಮರಳಿ ಜೋಡಿಸುವಾಗ ಎರಡು ವಯರ್ ಅದಲುಬದಲಾದರೆ ಇಲ್ಲದ ಮಿಸ್ಸಿಂಗ್ ಒಂದನ್ನು ನೀವೇ ಸೃಷ್ಟಿಸಿದಂತೆ.

ಮುಚ್ಚಳ ತೆಗೆದು ಬೆಳಕಿಗೆ ಹಿಡಿಯಿರಿ. ಒಳಗೆ ಹನಿ ನೀರು, ಮಂಜಿನ ಪೊರೆ ಇದೆಯೇ ನೋಡಿ. ಅನಂತರ ಲೋಹದ ಮೊಳೆಗಳ ನಡುವೆ, ಮಧ್ಯದ ಕಾರ್ಬನ್ ಗುಂಡಿಯಿಂದ ಅಂಚಿನ ಕಡೆಗೆ, ಕೂದಲೆಳೆಯಂಥ ಕಪ್ಪು ಗೆರೆ ಇದೆಯೇ ಎಂದು ಹುಡುಕಿ. ಕಿಡಿ ಒಮ್ಮೆ ಒದ್ದೆ ಪ್ಲಾಸ್ಟಿಕ್ ಮೇಲೆ ಹರಿದರೆ ಆ ದಾರಿಯನ್ನು ಸುಟ್ಟು ಇದ್ದಿಲಾಗಿಸುತ್ತದೆ, ಇದ್ದಿಲು ವಿದ್ಯುತ್ತನ್ನು ಹರಿಯಗೊಡುತ್ತದೆ. ಆ ಮೇಲೆ ಒಣಗಿದ್ದರೂ ಕಿಡಿ ಅದೇ ಕಾಲುದಾರಿ ಹಿಡಿಯಬಹುದು. ಉಜ್ಜಿ ತೆಗೆದರೆ ಕೆಲವು ದಿನ ಓಡಬಹುದು, ಆದರೆ ಅಂಥ ಮುಚ್ಚಳವನ್ನು ಬದಲಿಸುವುದೇ ಸರಿ. ಬಿರುಕು ಬಿಟ್ಟದ್ದಕ್ಕೂ ಇದೇ ಮಾತು. ಮಧ್ಯದ ಕಾರ್ಬನ್ ಗುಂಡಿ ಒತ್ತಿದರೆ ಒಳಹೋಗಿ ಪುಟಿದು ಬರಬೇಕು. ರೋಟರಿನ ತುದಿ ಸುಟ್ಟು ತಿಂದಿದ್ದರೆ, ಅದರ ಮೈಮೇಲೆ ಕಪ್ಪು ಚುಕ್ಕೆ ಅಥವಾ ಗೆರೆ ಇದ್ದರೆ ಅದನ್ನೂ ಮುಚ್ಚಳದ ಜೊತೆಗೇ ಬದಲಿಸಿ.

ಇಲ್ಲಿ ಮಲ್ಟಿಮೀಟರ್ ನಿಮ್ಮನ್ನು ದಾರಿ ತಪ್ಪಿಸಬಹುದು. ಮೀಟರ್ ಅಳೆಯುವುದು ಒಂದೆರಡು ವೋಲ್ಟಿನಲ್ಲಿ, ಬಿರುಕು ಬಾಯಿಬಿಡುವುದು ಸಾವಿರಾರು ವೋಲ್ಟಿನಲ್ಲಿ. ಮೀಟರಿನಲ್ಲಿ ಪಾಸಾದ ವಯರ್ ಕತ್ತಲ ಪರೀಕ್ಷೆಯಲ್ಲಿ ಫೇಲಾದರೆ ಕತ್ತಲನ್ನೇ ನಂಬಿ. ಮೀಟರ್ ಉಪಯೋಗಕ್ಕೆ ಬರುವುದು ತುಂಡಾದದ್ದನ್ನು ಹಿಡಿಯಲು. ಕಾರ್ಬನ್ ಎಳೆಯ ಪ್ಲಗ್ ವಯರ್‌ಗಳ ರೋಧ ಉದ್ದಕ್ಕೆ ತಕ್ಕಂತೆ ಕೆಲವು ಸಾವಿರ ಓಮ್ ಬರುತ್ತದೆ. ಒಂದು ವಯರ್ ಉಳಿದವುಗಳ ಹಲವು ಪಟ್ಟು ತೋರಿಸಿದರೆ ಒಳಗೆ ಎಳೆ ಹರಿದಿದೆ. ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕೊಟ್ಟು ಕಡಿಯುವ ಯಾಂತ್ರಿಕ ಸ್ವಿಚ್) ಇರುವ ಹಳೆಯ ಗಾಡಿಗಳ ಕಾಯಿಲ್‌ನಲ್ಲಿ ಪ್ರೈಮರಿ ಸುರುಳಿ ಸಾಮಾನ್ಯವಾಗಿ 1.5ರಿಂದ 3 ಓಮ್, ಸೆಕೆಂಡರಿ ಸಾವಿರಾರು ಓಮ್. ನಿಮ್ಮ ಗಾಡಿಯ ನಿಖರ ಅಂಕಿ ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ.

ಪ್ಲಗ್‌ಗಳ ಸರದಿ. ಕೆಲವು ಎಂಜಿನ್‌ಗಳಲ್ಲಿ ಅವು ಆಳವಾದ ಬಾವಿಯಂಥ ಗುಳಿಯಲ್ಲಿ ಕೂತಿರುತ್ತವೆ, ತೊಳೆದ ನೀರು ಅಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಪ್ಲಗ್ ಬಿಚ್ಚುವ ಮೊದಲು ಆ ನೀರನ್ನು ಗಾಳಿ ಊದಿಯೋ, ಬಟ್ಟೆಯ ಬತ್ತಿ ಇಳಿಸಿಯೋ ತೆಗೆಯಲೇಬೇಕು. ಮರೆತರೆ ನೀರೂ ಮಣ್ಣೂ ನೇರ ಸಿಲಿಂಡರಿಗೆ ಬೀಳುತ್ತವೆ. ಹೊರಬಂದ ಪ್ಲಗ್ಗಿನ ಬಿಳಿ ಪಿಂಗಾಣಿಯ ಉದ್ದಕ್ಕೆ ಕಪ್ಪು ಗೀರು, ಅದರ ರಬ್ಬರ್ ಟೋಪಿಯ ಒಳಗೆ ಅದಕ್ಕೆ ಜೋಡಿಯಾದ ಇನ್ನೊಂದು ಗೀರು ಕಂಡರೆ ಕಿಡಿ ಒಳಗೆ ಹೋಗದೆ ಹೊರಗಿನಿಂದಲೇ ಎಂಜಿನ್ ಮೈಗೆ ಹಾರಿದೆ. ಆಗ ಪ್ಲಗ್ ಮಾತ್ರ ಬದಲಿಸಿ ಹಳೆಯ ಟೋಪಿ ಹಾಕಿದರೆ ಹೊಸ ಪ್ಲಗ್ಗಿಗೂ ಅದೇ ಗತಿ. ಸಂದಿಯನ್ನೂ ಅಳೆದುಬಿಡಿ. ಪಾಯಿಂಟ್ ಕಾಲದ ಎಂಜಿನ್‌ಗಳಿಗೆ 0.6ರಿಂದ 0.8 ಮಿಲಿಮೀಟರ್, ಎಲೆಕ್ಟ್ರಾನಿಕ್ ಇಗ್ನಿಷನ್‌ಗೆ ಅದಕ್ಕಿಂತ ತುಸು ಹೆಚ್ಚು, 1.1ರವರೆಗೂ ಇರುತ್ತದೆ. ಸವೆದು ಅಗಲವಾದ ಸಂದಿ ಹೆಚ್ಚು ವೋಲ್ಟೇಜ್ ಬೇಡುತ್ತದೆ, ಒದ್ದೆಯ ದಿನ ಆ ವೋಲ್ಟೇಜ್ ಸೋರುವ ದಾರಿ ಹುಡುಕುತ್ತದೆ.

ಡಿಸ್ಟ್ರಿಬ್ಯೂಟರ್ ಇಲ್ಲದೆ ಎರಡು ಸಿಲಿಂಡರಿಗೆ ಒಂದು ಕಾಯಿಲ್ ಇರುವ ಎಂಜಿನ್ ಆದರೆ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಜೋಡಿಯಲ್ಲಿ ಎರಡೂ ತಪ್ಪುತ್ತಿದ್ದರೆ ಆ ಕಾಯಿಲ್ ಮೇಲೆ, ಒಂದೇ ತಪ್ಪುತ್ತಿದ್ದರೆ ಅದರ ವಯರ್ ಮತ್ತು ಪ್ಲಗ್ ಮೇಲೆ ಕಣ್ಣಿಡಿ. ಪ್ಲಗ್ಗಿಗೊಂದು ಕಾಯಿಲ್ ಇದ್ದರೆ ಕೆಲಸ ಇನ್ನೂ ಸುಲಭ. ಸಂಶಯದ ಕಾಯಿಲ್ಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ; ಮಿಸ್ಸಿಂಗ್ ಅದರ ಹಿಂದೆಯೇ ಹೋದರೆ ತಪ್ಪಿತಸ್ಥ ಸಿಕ್ಕಿದ.

ಯಾವ ಸಿಲಿಂಡರ್ ಸತ್ತಿದೆ ಎಂದು ತಿಳಿಯಲು ಓಡುತ್ತಿರುವ ಎಂಜಿನ್‌ನಿಂದ ಒಂದೊಂದೇ ಪ್ಲಗ್ ವಯರ್ ಕೀಳುವುದು ಹಳೆಯ ಪದ್ಧತಿ. ನನಗೆ ಅದು ಇಷ್ಟವಿಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್‌ನಲ್ಲಿ ಕಿಡಿಗೆ ದಾರಿ ಸಿಗದಿದ್ದರೆ ಕಾಯಿಲ್ಲೋ ಮಾಡ್ಯೂಲೋ ಸುಡಬಹುದು, ಶಾಕ್ ಹೊಡೆಯುವ ಭಯ ಬೇರೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇರುವ ಗಾಡಿಯಲ್ಲಿ ಇಂಜೆಕ್ಟರಿನ ಕನೆಕ್ಟರನ್ನು ಕೆಲವು ಸೆಕೆಂಡು ಬಿಡಿಸಿ ಹಾಕಿ. ಬಿಡಿಸಿದಾಗ ಎಂಜಿನ್ ಇನ್ನಷ್ಟು ನಡುಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ವ್ಯತ್ಯಾಸವಾಗದಿದ್ದರೆ ಅದೇ ಸತ್ತಿರುವುದು. ಕಾರ್ಬುರೇಟರ್ ಗಾಡಿಯಲ್ಲಿ ತಣ್ಣಗಿನ ಎಂಜಿನ್ ಚಾಲೂ ಮಾಡಿ, ಒಂದು ನಿಮಿಷ ಓಡಿದ ಮೇಲೆ ಆರಿಸಿ, ಎಕ್ಸಾಸ್ಟ್ ಕೊಳವೆಗಳ ಮೇಲೆ ಒಂದೊಂದು ಹನಿ ನೀರು ಹಾಕಿ. ಉಳಿದವುಗಳ ಮೇಲೆ ಹನಿ ಚುಯ್ ಎಂದು ಆವಿಯಾದರೆ ಸತ್ತ ಸಿಲಿಂಡರಿನ ಕೊಳವೆಯ ಮೇಲೆ ಸುಮ್ಮನೆ ಕೂತಿರುತ್ತದೆ.

ಒಣಗಿಸುವುದು ಈಗ. ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರ್‌ನ ಹದವಾದ ಬಿಸಿಗಾಳಿ ಸಾಕು. ನೀರನ್ನು ಹೊರದೂಡುವ ಸ್ಪ್ರೇಗಳೂ ಇವೆ. ಡಬ್ಲ್ಯೂಡಿ-40 ಎಂಬ ಹೆಸರೇ ನೀರು ಹೊರದೂಡುವ ಸೂತ್ರದ 40ನೆಯ ಪ್ರಯತ್ನ ಎಂಬುದರಿಂದ ಬಂದದ್ದು. 1953ರಲ್ಲಿ ಅದನ್ನು ತಯಾರಿಸಿದವರ ಮನಸ್ಸಿನಲ್ಲಿದ್ದದ್ದು ತುಕ್ಕು ಹಿಡಿಯದ ಕ್ಷಿಪಣಿ, ನಮ್ಮ ಡಿಸ್ಟ್ರಿಬ್ಯೂಟರ್ ಅಲ್ಲ, ಆದರೂ ಕೆಲಸಕ್ಕೆ ಬರುತ್ತದೆ. ಮುಚ್ಚಳದ ಒಳಗೆ ಸ್ವಲ್ಪವೇ ಹೊಡೆದು, ಒರೆಸಿ, ಅದರ ಆವಿ ಪೂರ್ತಿ ಹೋದ ಮೇಲಷ್ಟೇ ಮುಚ್ಚಿ. ಉರಿಯುವ ಆವಿಯನ್ನು ಕಿಡಿಯ ಜೊತೆಗೆ ಒಂದೇ ಡಬ್ಬಿಯಲ್ಲಿ ಕೂಡಿಹಾಕಬಾರದು.

ಐದನೆಯ ಹೆಜ್ಜೆ: ಗಾಳಿಯ ದಾರಿ

ಒದ್ದೆ ಏರ್ ಫಿಲ್ಟರ್ ಎಂಜಿನ್‌ನ ಉಸಿರು ಕಟ್ಟುತ್ತದೆ. ಕಾಗದದ ಫಿಲ್ಟರನ್ನು ಒಣಗಿಸಿ ಮತ್ತೆ ಹಾಕುವುದಕ್ಕಿಂತ ಹೊಸದನ್ನು ಹಾಕುವುದು ಒಳ್ಳೆಯದು. ಇಂಜೆಕ್ಷನ್ ಗಾಡಿಯಲ್ಲಿ ಫಿಲ್ಟರ್ ದಾಟಿದ ಮೇಲೆ ಗಾಳಿ ಅಳೆಯುವ ಸೆನ್ಸರ್ ಇದ್ದರೆ, ಅದರೊಳಗಿನ ಬಿಸಿ ತಂತಿಗೆ ನೀರಿನ ಹನಿ, ಕೆಸರು ತಾಗಿರಬಹುದು. ಅದನ್ನು ಬೆರಳು, ಬಟ್ಟೆ ಯಾವುದರಿಂದಲೂ ಮುಟ್ಟಬೇಡಿ. ಅದಕ್ಕೆಂದೇ ಮಾಡಿದ ಕ್ಲೀನರ್ ಸಿಂಪಡಿಸಿ ಆರಲು ಬಿಡಿ. ಎಂಜಿನ್ ಆರಿಸಿ ಈ ಸೆನ್ಸರಿನ ಕನೆಕ್ಟರ್ ಬಿಡಿಸಿ ಮತ್ತೆ ಚಾಲೂ ಮಾಡಿದಾಗ ಎಂಜಿನ್ ಮೊದಲಿಗಿಂತ ಚೆನ್ನಾಗಿ ಓಡಿದರೆ, ಅಲ್ಲಿಯವರೆಗೆ ಅದು ಸುಳ್ಳು ಲೆಕ್ಕ ಕೊಡುತ್ತಿತ್ತು ಎಂದರ್ಥ.

ಐಡ್ಲಿಂಗ್‌ನಲ್ಲಿ ಮಾತ್ರ ನಡುಕವಿದ್ದರೆ, ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ ಸೇರಿದ ಸಣ್ಣ ವ್ಯಾಕ್ಯೂಮ್ ಕೊಳವೆಗಳನ್ನು ಒಂದೊಂದಾಗಿ ಬೆರಳಿನಿಂದ ತಡವಿ ನೋಡಿ. ಹಳೆಯ ರಬ್ಬರ್ ಬಿರುಸಾಗಿ, ಒತ್ತಡದ ನೀರಿಗೆ ಕಳಚಿಕೊಂಡಿರುತ್ತದೆ. ಒಂದು ಮೀಟರ್ ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಜೋಡಣೆಗಳ ಬಳಿ ಆಡಿಸಿದರೆ ಬುಸ್ ಎಂಬ ಸದ್ದು ಸ್ಪಷ್ಟವಾಗಿ ಕೇಳುತ್ತದೆ.

ಆರನೆಯ ಹೆಜ್ಜೆ: ಕನೆಕ್ಟರ್ ಮತ್ತು ಸೆನ್ಸರ್‌ಗಳು

ತೊಳೆದ ದಿನ ಚೆನ್ನಾಗಿದ್ದು, ಎರಡು ಮೂರು ವಾರದ ಮೇಲೆ ಶುರುವಾಗುವ ಮಿಸ್ಸಿಂಗ್‌ಗೆ ಬಹುಮಟ್ಟಿಗೆ ಕಾರಣ ಇದೇ. ಕನೆಕ್ಟರಿನ ರಬ್ಬರ್ ಸೀಲ್ ಹಳತಾಗಿ ಕುಗ್ಗಿರುತ್ತದೆ, ಒಳಹೊಕ್ಕ ನೀರು ಹೊರಬರಲಾರದೆ ತಾಮ್ರವನ್ನು ಹಸಿರು ಪುಡಿಯಾಗಿ ಮಾಡುತ್ತದೆ. ಹೊದಿಕೆ ಹರಿದ ತಂತಿಯಲ್ಲಿ ನೀರು ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರಿ ದೂರದವರೆಗೆ ಹೋಗುತ್ತದೆ.

ಬ್ಯಾಟರಿ ತಂತಿ ತೆಗೆದು, ಒಂದೊಂದೇ ಕನೆಕ್ಟರನ್ನು ಅದರ ಕೊಕ್ಕೆ ಒತ್ತಿ, ತಂತಿ ಹಿಡಿದು ಜಗ್ಗದೆ, ಮೈ ಹಿಡಿದು ಬಿಡಿಸಿ. ಕ್ರ್ಯಾಂಕ್ ಸೆನ್ಸರ್, ಥ್ರಾಟಲ್ ಸೆನ್ಸರ್, ಕೂಲಂಟ್ ಉಷ್ಣತೆಯ ಸೆನ್ಸರ್, ಆಕ್ಸಿಜನ್ ಸೆನ್ಸರ್, ಇಂಜೆಕ್ಟರ್‌ಗಳು, ಕಾಯಿಲ್: ಇಷ್ಟು ಸಾಕು. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು, ಒಣಗಿಸಿ, ಸೀಲಿನ ಮೇಲೆ ವಿದ್ಯುತ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿ ಮುಚ್ಚಿ. ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯ ಬೋಲ್ಟನ್ನೂ ಬಿಚ್ಚಿ, ಲೋಹ ಹೊಳೆಯುವಷ್ಟು ಉಜ್ಜಿ ಬಿಗಿಯಿರಿ.

ಕೂಲಂಟ್ ಸೆನ್ಸರ್ ಬಗ್ಗೆ ಒಂದು ಮಾತು, ಏಕೆಂದರೆ ಅದು ಎರಡೂ ಕಡೆ ಮೋಸ ಮಾಡಬಲ್ಲದು. ಬಿಸಿಯಾದಂತೆ ಅದರ ರೋಧ ಇಳಿಯುತ್ತದೆ: 20 ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್ ಇದ್ದದ್ದು 80 ಡಿಗ್ರಿಗೆ ಕೆಲವು ನೂರು ಓಮ್‌ಗೆ ಬರುವುದು ಸಾಮಾನ್ಯ. ಕನೆಕ್ಟರಿನಲ್ಲಿ ನೀರು ನಿಂತು ಎರಡು ತಂತಿಗಳನ್ನು ಬೆಸೆದರೆ ರೋಧ ಕಡಿಮೆಯಾಗಿ, ಎಂಜಿನ್ ಬಿಸಿಯಾಗಿದೆ ಎಂದು ಇಂಧನದ ಲೆಕ್ಕ ನೋಡುವ ಎಂಜಿನ್ ಕಂಪ್ಯೂಟರ್ ತಿಳಿದು ಪೆಟ್ರೋಲ್ ಕಡಿಮೆ ಮಾಡುತ್ತದೆ. ಬೆಳಗಿನ ಸ್ಟಾರ್ಟ್ ಕಷ್ಟವಾಗುತ್ತದೆ. ತುಕ್ಕು ಹಿಡಿದರೆ ರೋಧ ಏರಿ, ಸದಾ ಚಳಿಯೆಂದೇ ತಿಳಿದು ಪೆಟ್ರೋಲ್ ಸುರಿಯುತ್ತದೆ. ಪ್ಲಗ್‌ಗಳು ಮಸಿ ಹಿಡಿಯುತ್ತವೆ, ಹೊಗೆಯಲ್ಲಿ ಪೆಟ್ರೋಲ್ ವಾಸನೆ ಬರುತ್ತದೆ. ಗಾಡಿಯೊಳಗೆ ಕಾಲಿಡುವ ಜಾಗಕ್ಕೆ ನೀರು ಬಂದಿದ್ದರೆ ಕಾರ್ಪೆಟ್ ಎತ್ತಿ ನೋಡಿ. ಹಲವು ಮಾದರಿಗಳಲ್ಲಿ ಆ ಕಂಪ್ಯೂಟರ್ ಅಥವಾ ಅದರ ತಂತಿಗಳ ಕಟ್ಟು ಅಲ್ಲಿಯೇ ಇರುತ್ತದೆ.

ಆ ಕಂಪ್ಯೂಟರಿನ ದೋಷದ ಕೋಡ್‌ಗಳನ್ನು ಓದುವ ಸ್ಕ್ಯಾನರ್ ಇದ್ದರೆ ಈಗ ಹಾಕಿ. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ, ಯುರೋಪಿನಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ 2001ರಿಂದ ಸ್ಕ್ಯಾನರ್ ಸಿಕ್ಕಿಸುವ ಸಾಕೆಟ್ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಗಾಡಿಗೆ ಕಣ್ಣು, ಕಿವಿಗಳೇ ಸ್ಕ್ಯಾನರ್. ಪಿ0300 ಎಂದರೆ ಅಲ್ಲಲ್ಲಿ ಮಿಸ್ಸಿಂಗ್, ಪಿ0301ರಿಂದ ಪಿ0304 ಎಂದರೆ ಕೊನೆಯ ಅಂಕಿಯ ಸಿಲಿಂಡರಿನಲ್ಲಿ ಮಿಸ್ಸಿಂಗ್. ಆದರೆ ಕೋಡ್ ಹೇಳುವುದು ನೋವು ಎಲ್ಲಿದೆ ಎಂದು, ರೋಗ ಏನೆಂದು ಹೇಳುವುದಿಲ್ಲ. ಉರಿಯದ ಪೆಟ್ರೋಲಿನ ಜೊತೆ ಉಳಿದ ಆಮ್ಲಜನಕವೂ ಹೊರಹೋಗುವುದರಿಂದ ಬರೀ ಸ್ಪಾರ್ಕ್ ತಪ್ಪಿದರೂ ಆಕ್ಸಿಜನ್ ಸೆನ್ಸರಿನ ಕೋಡ್ ಬರಬಹುದು. ಅದನ್ನು ಓದಿದ್ದೇ ತಡ ಸೆನ್ಸರ್ ಕೊಳ್ಳಲು ಹೋಗುವುದು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ. ಎಂಜಿನ್ ದೀಪ ಮಿನುಗುತ್ತಿದ್ದರೆ ಮಾತ್ರ ಓಡಿಸುವುದನ್ನು ನಿಲ್ಲಿಸಿ. ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಹಾಳುಮಾಡುತ್ತಿದೆ ಎಂಬ ಎಚ್ಚರಿಕೆ ಅದು.

ಏಳನೆಯ ಹೆಜ್ಜೆ: ಇಂಧನದಲ್ಲಿ ನೀರು

ಸ್ಪಾರ್ಕ್ ಸರಿಯಿದೆ, ಒಣಗಿಸಿದರೂ ಬದಲಾಗಲಿಲ್ಲ, ಎಲ್ಲ ಸಿಲಿಂಡರ್‌ಗಳೂ ಒಟ್ಟಿಗೆ ಎಡವುತ್ತವೆ ಎಂದರೆ ಟ್ಯಾಂಕಿನ ಕಡೆ ತಿರುಗಿ. ಪೆಟ್ರೋಲ್ ಹಾಕುವ ಬಾಯಿಯ ಸುತ್ತಲಿನ ಬಟ್ಟಲಿಗೆ ನೀರು ಹರಿದುಹೋಗಲು ಒಂದು ಸಣ್ಣ ತೂತಿರುತ್ತದೆ. ಅದು ಮಣ್ಣಿನಿಂದ ಕಟ್ಟಿ, ಮುಚ್ಚಳದ ರಬ್ಬರ್ ಸೀಳಿದ್ದರೆ ಮಳೆನೀರು ನೇರ ಒಳಗಿಳಿಯುತ್ತದೆ.

ಕಾರ್ಬುರೇಟರಿನ ಬಟ್ಟಲಿನಿಂದ ಅಥವಾ ಫಿಲ್ಟರಿನ ಪೈಪಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಕಾಲು ಗಂಟೆ ಬಿಡಿ. ಬಿಸಿ ಎಂಜಿನ್, ಬೆಂಕಿ, ಸಿಗರೇಟು ಹತ್ತಿರ ಇರಬಾರದು. ಇಂಜೆಕ್ಷನ್ ಗಾಡಿಯಾದರೆ ಪೈಪಿನಲ್ಲಿ ಒತ್ತಡ ಇರುತ್ತದೆ, ಅದನ್ನು ಇಳಿಸದೆ ಬಿಚ್ಚಬೇಡಿ. ನೀರು ಪೆಟ್ರೋಲಿಗಿಂತ ಭಾರ, ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲಿನ ನಡವಳಿಕೆ ಬೇರೆ. ಅದು ಸ್ವಲ್ಪ ನೀರನ್ನು ಹೀರಿಕೊಂಡು ಸುಮ್ಮನಿರುತ್ತದೆ, ಮಿತಿ ಮೀರಿದಾಗ ಎಥನಾಲ್ ನೀರಿನ ಪಕ್ಷ ಸೇರಿ ಎರಡೂ ಒಟ್ಟಿಗೆ ತಳಕ್ಕಿಳಿಯುತ್ತವೆ. ಹಾಗೆ ಬೇರ್ಪಟ್ಟ ಇಂಧನಕ್ಕೆ ಔಷಧಿ ಸುರಿಯುತ್ತಾ ಕೂರುವುದರಲ್ಲಿ ನನಗೆ ನಂಬಿಕೆಯಿಲ್ಲ. ಟ್ಯಾಂಕ್ ಖಾಲಿ ಮಾಡಿ, ಫಿಲ್ಟರ್ ಬದಲಿಸಿ. ಡೀಸೆಲ್ ಗಾಡಿಯಲ್ಲಿ ಫಿಲ್ಟರಿನ ಕೆಳಗೆ ನೀರು ಬಿಡುವ ತಿರುಪು ಇರುತ್ತದೆ. ಶುದ್ಧ ಡೀಸೆಲ್ ಬರುವವರೆಗೆ ಬಿಡಿ. ಒಳಗೆ ನೀರಿದೆ ಎಂದು ಗೊತ್ತಿದ್ದೂ ಡೀಸೆಲ್ ಎಂಜಿನ್ ಓಡಿಸಿದರೆ ಪಂಪು, ಇಂಜೆಕ್ಟರ್ ಎರಡೂ ಹೋಗುತ್ತವೆ.

ಎಂಟನೆಯ ಹೆಜ್ಜೆ: ಇಷ್ಟಾದರೂ ಒಂದು ಸಿಲಿಂಡರ್ ದುಡಿಯದಿದ್ದರೆ

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಅದುಮಿದ ಗಾಳಿಯ ಒತ್ತಡ, ಗೇಜಿನಿಂದ ಅಳೆಯಬೇಕು. ಎಂಜಿನ್ ಬಿಸಿಯಿರಲಿ, ಎಲ್ಲ ಪ್ಲಗ್ ಹೊರಗಿರಲಿ, ಪೆಟ್ರೋಲ್ ಮತ್ತು ಇಗ್ನಿಷನ್ ಬಂದ್ ಆಗಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರಲಿ. ಹಳೆಯ ಎಂಜಿನ್‌ನಲ್ಲಿ ಅಂಕಿ ಒಟ್ಟಾರೆ ತುಸು ಕಡಿಮೆ ಬಂದರೆ ಅದು ವಯಸ್ಸು. ಒಂದು ಸಿಲಿಂಡರ್ ಮಾತ್ರ ಉಳಿದವುಗಳಿಗಿಂತ ಶೇಕಡಾ 15ಕ್ಕಿಂತ ಹೆಚ್ಚು ಕಡಿಮೆ ತೋರಿಸಿ, ಗಾಡಿ ಆಳದ ನೀರಿನಲ್ಲಿ ನಿಂತದ್ದೂ ನಿಜವಾಗಿದ್ದರೆ ರಾಡ್ ಬಾಗಿರುವ ಸಾಧ್ಯತೆ ಇದೆ. ರಾಡ್ ಬಾಗಿದಾಗ ಗಿಡ್ಡವಾಗುತ್ತದೆ, ಪಿಸ್ಟನ್ ಪೂರ್ತಿ ಮೇಲೆ ಬರುವುದಿಲ್ಲ. ಪ್ಲಗ್ ತೂತು ನೆಟ್ಟಗಿರುವ ಎಂಜಿನ್‌ನಲ್ಲಿ ಇದನ್ನು ತೆಳುವಾದ ಮರದ ಕಡ್ಡಿಯಿಂದಲೇ ಅಂದಾಜು ಮಾಡಬಹುದು: ಕಡ್ಡಿ ಇಳಿಸಿ, ಕೈಯಿಂದ ಎಂಜಿನ್ ತಿರುಗಿಸಿ, ಪಿಸ್ಟನ್ ಅತಿ ಮೇಲೆ ಬಂದಾಗ ಕಡ್ಡಿಗೆ ಗುರುತು ಹಾಕಿ, ನಾಲ್ಕೂ ಸಿಲಿಂಡರಿಗೆ ಹೀಗೆ ಮಾಡಿ ಹೋಲಿಸಿ. ಒಂದರ ಗುರುತು ಕೆಲವು ಮಿಲಿಮೀಟರ್ ಕೆಳಗಿದ್ದರೆ ಎಂಜಿನ್ ಬಿಚ್ಚಲೇಬೇಕು. ಅಂಥ ಎಂಜಿನ್ ಅಡ್ಡಾದಿಡ್ಡಿಯಾಗಿಯಾದರೂ ಓಡುತ್ತದೆ ಎಂದು ಓಡಿಸುತ್ತಿದ್ದರೆ ಒಂದು ದಿನ ರಾಡ್ ಮುರಿದು ಬ್ಲಾಕನ್ನೇ ತೂತು ಮಾಡಿ ಹೊರಬರಬಹುದು.

ಜೋಡಿಸುವಾಗ ಎರಡು ವಿಷಯ. ಪ್ಲಗ್ ವಯರ್‌ಗಳನ್ನು ಅವುಗಳ ಕೊಕ್ಕೆಗಳಲ್ಲಿ ಬಿಡಿಬಿಡಿಯಾಗಿ ಕೂರಿಸಿ, ಅಂದಕ್ಕೆಂದು ಕಟ್ಟು ಕಟ್ಟಬೇಡಿ. 1-3-4-2 ಕ್ರಮದಲ್ಲಿ 3 ಮತ್ತು 4 ಒಂದರ ಹಿಂದೊಂದು ಉರಿಯುತ್ತವೆ, ಅಕ್ಕಪಕ್ಕದಲ್ಲೂ ಇರುತ್ತವೆ. ಅವುಗಳ ವಯರ್‌ಗಳು ಉದ್ದಕ್ಕೂ ತಾಗಿಕೊಂಡಿದ್ದರೆ ಒಂದರ ಕಿಡಿ ಇನ್ನೊಂದಕ್ಕೆ ಹಾರುತ್ತದೆ. ಮುಂದಿನ ಸಲ ಎಂಜಿನ್ ತೊಳೆಯುವಾಗ ಡಿಸ್ಟ್ರಿಬ್ಯೂಟರ್, ಕಾಯಿಲ್, ಆಲ್ಟರ್ನೇಟರ್, ಏರ್ ಫಿಲ್ಟರಿನ ಬಾಯಿ ಇವಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ. ಸ್ಟಾರ್ಟ್ ಮಾಡುವ ಮೊದಲು ಚೀಲ ಬಿಚ್ಚಲು ಮರೆಯದಿರಲು ಕಾರಿನ ಕೀಲಿಯನ್ನೂ ಅದೇ ಚೀಲಕ್ಕೆ ಕಟ್ಟಿಡುವುದು ನಾನು ಕಂಡುಕೊಂಡ ಉಪಾಯ.